ಉತ್ತರ ದೇಶಗಳ ಬೇಸಿಗೆಯ ತೋಟ: ಹಗಲಿನ ಅಳತೆ ಮತ್ತು ಸಸ್ಯಗಳ ನಡತೆ

ಬೇಸಿಗೆ ಎಂದೊಡನೆ ಮೈಸೂರು ಸೀಮೆಯ ತೋಟಗಾರನ ಮನಸ್ಸಿಗೆ ಮೊದಲು ಬರುವುದು ನೀರಿನ ಚಿಂತೆ, ಅದರ ಬೆನ್ನಿಗೇ ನೆರಳಿನ ಚಿಂತೆ. ಅರಸರ ತೋಟಗಳಲ್ಲಿ ಮೊದಲಾಗಿ, ಕಾಲಕ್ರಮದಲ್ಲಿ ಪೂರ್ಣಯ್ಯ ಕಾಲುವೆಯ ಆಸುಪಾಸಿನಿಂದ ನಂಜನಗೂಡು ರಸ್ತೆಯ ವಿದ್ಯಾರಣ್ಯಪುರಂವರೆಗೆ ಹಬ್ಬಿತೆಂದು ಹೇಳಲಾಗುವ ವೀಳ್ಯದೆಲೆ ತೋಟಗಳನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಮೈಸೂರು ವೀಳ್ಯದೆಲೆಯ ಕೋಮಲತೆಗೆ ಮಣ್ಣು, ನೀರುಗಳ ಗುಣ ಎಷ್ಟು ಕಾರಣವೋ ನೆರಳೂ ಅಷ್ಟೇ ಕಾರಣ. ವೀಳ್ಯದ ಕೃಷಿಕರು ಬಳ್ಳಿಗೆ ಆಸರೆಯೂ ನೆರಳೂ ಆಗಲೆಂದು ಅಗಸೆ, ನುಗ್ಗೆಗಳಂತಹ ಮರಗಳನ್ನು ಬೆಳೆಸುತ್ತಾರೆ. ಬಿಸಿಲನ್ನು ತಡೆದು, ಸೋಸಿ, ಬೇಕಾದಷ್ಟನ್ನೇ ಒಳಗೆ ಬಿಡುವುದು ಅವರ ಕುಶಲತೆ.

ಭೂಗೋಲದ ಉತ್ತರ ತುದಿಯ ಸಮೀಪದಲ್ಲಿರುವ ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಕೆನಡಾದ ಉತ್ತರ ಭಾಗ, ಅಲಾಸ್ಕ ಮುಂತಾದ ಕಡೆಗಳಲ್ಲಿ ತೋಟಗಾರನ ಕೆಲಸ ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿ ಬೇಸಿಗೆಯೆಂದರೆ ಬೆಳೆಯ ಏಕೈಕ ಕಾಲ. ಬಿದ್ದ ಬಿಸಿಲನ್ನೆಲ್ಲ ಹಿಡಿದಿಡುವುದೇ ಅಲ್ಲಿಯ ಕುಶಲತೆ. ವಿದ್ಯೆ, ಉದ್ಯೋಗಗಳ ನಿಮಿತ್ತ ಅನೇಕ ಕನ್ನಡ ಕುಟುಂಬಗಳು ಆ ನಾಡುಗಳಲ್ಲಿ ನೆಲೆಸಿರುವ ಈ ಕಾಲದಲ್ಲಿ ಅಲ್ಲಿಯ ತೋಟದ ರೀತಿಯನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ. ಊರಿನಿಂದ ಒಯ್ದ ಬೀಜವೊಂದು ಅಲ್ಲಿ ಆಳೆತ್ತರ ಬೆಳೆದೂ ಕಾಯಿ ಕಟ್ಟದೆ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕ ಹೊರಟರೆ, ನಮ್ಮ ಹೊಲದ ಅವರೆಯ ಗುಟ್ಟೂ ತಿಳಿಯುತ್ತದೆ.

ಎರಡು ಬಗೆಯ ಬೇಸಿಗೆ

ಮೈಸೂರು ನಗರವು ಉತ್ತರ ಅಕ್ಷಾಂಶ ಸುಮಾರು 12.3 ಡಿಗ್ರಿಯಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲು, ಅಂದರೆ ಜೂನ್ 21ರ ಸುಮಾರಿನ ಹಗಲು, 12 ಗಂಟೆ 50 ನಿಮಿಷಗಳಷ್ಟಿರುತ್ತದೆ. ಡಿಸೆಂಬರ್ 21ರ ಸುಮಾರಿನ ಅತಿ ಕಿರಿಯ ಹಗಲು 11 ಗಂಟೆ 25 ನಿಮಿಷಗಳಷ್ಟು. ಹಿರಿದಕ್ಕೂ ಕಿರಿದಕ್ಕೂ ಇರುವ ಅಂತರ ಹೆಚ್ಚು ಕಡಮೆ ಒಂದೂವರೆ ಗಂಟೆ ಮಾತ್ರ. ಆದುದರಿಂದಲೇ ನಮ್ಮ ಜನ ಋತುಗಳನ್ನು ಹಗಲಿನ ಉದ್ದದಿಂದ ಗುರುತಿಸದೆ ಮಳೆಯಿಂದಲೂ ಸೆಕೆಯಿಂದಲೂ ಗುರುತಿಸುತ್ತಾರೆ. ಏಪ್ರಿಲ್ ತಿಂಗಳ ಮೂರನೆಯ ವಾರ ಕಳೆಯುವ ಹೊತ್ತಿಗೆ ಸೂರ್ಯನು ಮಧ್ಯಾಹ್ನ ನಡುನೆತ್ತಿಗೆ ಬರುತ್ತಾನೆ. ಆಗಸ್ಟ್‌ನಲ್ಲಿ ಮತ್ತೊಮ್ಮೆ ಹಾಗೆಯೇ ಬಂದರೂ ಮಳೆಮೋಡಗಳ ಮರೆಯಲ್ಲಿ ಆ ಬಿಸಿಲಿನ ತೀಕ್ಷ್ಣತೆ ಅರಿವಿಗೆ ಬರುವುದಿಲ್ಲ.

ಈಗ ಉತ್ತರಕ್ಕೆ ನಡೆಯೋಣ. ಲಂಡನ್ನಿನಲ್ಲಿ ಜೂನ್ ತಿಂಗಳ ದೀರ್ಘ ಹಗಲು ಹದಿನಾರೂವರೆ ಗಂಟೆಗಳಿಗೂ ಮಿಗಿಲು. ಕೆನಡಾದ ಎಡ್ಮಂಟನ್ನಿನಲ್ಲಿ ಅದು ಸುಮಾರು 17 ಗಂಟೆ. ಸ್ಟಾಕ್‌ಹೋಮಿನಲ್ಲಿ ಹದಿನೆಂಟೂವರೆ ಗಂಟೆ. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಇಪ್ಪತ್ತೊಂದು ಮುಕ್ಕಾಲು ಗಂಟೆ. ನಾರ್ವೆಯ ಟ್ರೊಮ್ಸೊ ನಗರದಲ್ಲಿ ಮೇ ತಿಂಗಳ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯನು ಮುಳುಗುವುದೇ ಇಲ್ಲ. ಲೋಕದ ಅತ್ಯಂತ ಉತ್ತರದ ಸಸ್ಯೋದ್ಯಾನವೆಂದು ಹೆಸರಾದ ತೋಟವು 1994ರಲ್ಲಿ ಆರಂಭವಾದುದು ಅದೇ ಊರಿನಲ್ಲಿ.

ಆದರೆ ಆ ಬೆಳಕು ನಮ್ಮ ಬೆಳಕಿನಂತಲ್ಲ. ಫೇರ್‌ಬ್ಯಾಂಕ್ಸ್‌ನಲ್ಲಿ ಜೂನ್ ತಿಂಗಳ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಸುಮಾರು 48 ಡಿಗ್ರಿಯಷ್ಟೇ ಮೇಲೇರುತ್ತಾನೆ. ಕಿರಣಗಳು ಓರೆಯಾಗಿ ಬೀಳುವುದರಿಂದ ಬಿಸಿಲು ಸೌಮ್ಯ. ಸೌಮ್ಯವಾದರೂ ಅದು ದೀರ್ಘಕಾಲ ಬೀಳುತ್ತದೆ. ಸಸ್ಯಗಳು ಬೆಳಕಿನ ನೆರವಿನಿಂದ ಆಹಾರ ತಯಾರಿಸುವ ದ್ಯುತಿಸಂಶ್ಲೇಷಣ ಕ್ರಿಯೆಯು ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ನಡೆಯುತ್ತದೆ. ರಾತ್ರಿ ಗಿಡವು ಉಸಿರಾಟದಲ್ಲಿ ತನ್ನ ಸಂಚಯದ ಒಂದು ಪಾಲನ್ನು ವ್ಯಯಿಸುವುದುಂಟು. ಅಲ್ಲಿಯ ರಾತ್ರಿ ಕಿರಿದೂ ತಂಪೂ ಆದ್ದರಿಂದ ಈ ವ್ಯಯ ಕಡಮೆ. ಹೀಗೆ ಆದಾಯ ಹೆಚ್ಚಿ ವೆಚ್ಚ ತಗ್ಗುವುದರಿಂದ ಬೆಳೆಯ ಕಾಲ ಚಿಕ್ಕದಾದರೂ ಬೆಳವಣಿಗೆ ಅಚ್ಚರಿಗೊಳಿಸುವಷ್ಟು ತ್ವರಿತ. ತಂಪಿನಲ್ಲಿ ಬೆಳೆದ ಗಜ್ಜರಿಯು ಹೆಚ್ಚು ಸಿಹಿಯಾಗಿರುವುದನ್ನೂ ಅಲ್ಲಿಯವರು ಬಲ್ಲರು.

ಹೆಪ್ಪುಗಟ್ಟುವ ಚಳಿಯ ನಡುವಣ ನೂರು ದಿನ

ಉತ್ತರದ ತೋಟಗಾರನ ಪಂಚಾಂಗಕ್ಕೆ ಎರಡೇ ಗಡಿಗಳು. ಒಂದು, ವಸಂತದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಕೊನೆಯ ಬಾರಿ ಬೀಳುವ ರಾತ್ರಿ. ಇನ್ನೊಂದು, ಶರತ್ಕಾಲದಲ್ಲಿ ಅದು ಮೊದಲ ಬಾರಿ ಮರಳುವ ರಾತ್ರಿ. ಇವುಗಳ ನಡುವಣ ಅವಧಿ ಫೇರ್‌ಬ್ಯಾಂಕ್ಸ್‌ನಂತಹ ಸ್ಥಳಗಳಲ್ಲಿ ನೂರರಿಂದ ನೂರಿಪ್ಪತ್ತು ದಿನಗಳಷ್ಟೇ. ಆ ಚಳಿಯ ಒಂದೇ ರಾತ್ರಿಗೆ ಟೊಮೇಟೊ, ಹುರುಳಿಕಾಯಿ, ಕುಂಬಳ, ಸೌತೆಗಳ ಎಲೆಯೊಳಗಿನ ನೀರು ಗಡ್ಡೆಕಟ್ಟಿ, ಜೀವಕೋಶಗಳು ಒಡೆದು, ಬೆಳಗಾಗುವಷ್ಟರಲ್ಲಿ ಗಿಡ ಬೇಯಿಸಿದಂತೆ ಕಪ್ಪಾಗಿ ಬಾಡಿರುತ್ತದೆ. ಎಲೆಕೋಸು, ಬಟಾಣಿ, ಮೂಲಂಗಿಗಳು ಅಲ್ಪಸ್ವಲ್ಪ ಚಳಿಯನ್ನು ತಾಳಬಲ್ಲವು.

ಈ ಕಾರಣದಿಂದ ಅಲ್ಲಿ ಬಿತ್ತನೆ ಹೊಲದಲ್ಲಿ ತೊಡಗದೆ ಮನೆಯೊಳಗೆ ತೊಡಗುತ್ತದೆ. ಹೊರಗೆ ಇನ್ನೂ ಹಿಮ ಕವಿದಿರುವ ಮಾರ್ಚ್ ತಿಂಗಳಲ್ಲಿಯೇ ಟೊಮೇಟೊ, ಮೆಣಸಿನಕಾಯಿಗಳ ಬೀಜವನ್ನು ಕಿಟಕಿಯ ಬಳಿಯ ಚಿಕ್ಕ ಕುಂಡಗಳಲ್ಲಿ ಬಿತ್ತುತ್ತಾರೆ. ಬೆಳಕು ಸಾಲದಿದ್ದರೆ ಮೇಲೆ ವಿದ್ಯುದ್ದೀಪ ಕಟ್ಟುತ್ತಾರೆ. ಮೇ ತಿಂಗಳಲ್ಲಿ ಸಸಿಗಳನ್ನು ಹಗಲು ಕೆಲವು ಗಂಟೆ ಹೊರಗಿಟ್ಟು, ಸಂಜೆ ಒಳಗೆ ತಂದು, ದಿನದಿನಕ್ಕೂ ಆ ಅವಧಿಯನ್ನು ಹೆಚ್ಚಿಸುತ್ತ ಗಾಳಿ ಚಳಿಗಳಿಗೆ ಒಗ್ಗಿಸುತ್ತಾರೆ. ಮೇ ಕೊನೆಯಲ್ಲಿಯೋ ಜೂನ್ ಮೊದಲ ವಾರದಲ್ಲಿಯೋ ನಾಟಿ. ಮನೆಯೊಳಗೆ ಕಳೆದ ಈ ಎರಡು ಮೂರು ತಿಂಗಳು ಇಲ್ಲದಿದ್ದರೆ ನೂರು ದಿನಗಳ ಬೇಸಿಗೆಯಲ್ಲಿ ಟೊಮೇಟೊ ಕೆಂಪಾಗುವುದು ಕಷ್ಟಸಾಧ್ಯ.

ಎರಡನೆಯ ತೊಡಕು ನೆಲದ ತಣಿವು. ಗಾಳಿ ಬೆಚ್ಚಗಾದ ಮಾತ್ರಕ್ಕೆ ಮಣ್ಣು ಬೆಚ್ಚಗಾಗದು. ತಣ್ಣನೆಯ ಮಣ್ಣಿನಲ್ಲಿ ಬೇರು ನೀರನ್ನೂ ಸಾರವನ್ನೂ ಎಳೆಯಲಾರದು. ಆದುದರಿಂದ ಏರುಮಡಿಗಳನ್ನು ಕಟ್ಟಿ ಸುತ್ತಲಿನಿಂದಲೂ ಬಿಸಿಲು ತಾಗುವಂತೆ ಮಾಡುತ್ತಾರೆ; ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾವು ಹಿಡಿಸುತ್ತಾರೆ; ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡವನ್ನು ಹುಡುಕಿ ಅಲ್ಲಿಯೇ ಗಿಡ ನೆಡುತ್ತಾರೆ. ಹಿಂದೆ ಹಸಿ ಕುದುರೆ ಲದ್ದಿಯನ್ನು ಗುಂಡಿಯಲ್ಲಿ ತುಂಬಿ, ಮೇಲೆ ಮಣ್ಣು ಹರಡಿ, ಗಾಜಿನ ಮುಚ್ಚಳ ಹಾಕಿ, ಲದ್ದಿ ಕೊಳೆಯುವಾಗ ಹುಟ್ಟುವ ಕಾವಿನಿಂದ ಸಸಿ ಎಬ್ಬಿಸುವ ಪದ್ಧತಿಯೂ ವ್ಯಾಪಕವಾಗಿತ್ತು. ಹೊಸದಾಗಿ ಹೂಡಿದ ತಿಪ್ಪೆಯೊಳಗೆ ಕೈಯಿಟ್ಟವರಿಗೆ ಆ ಕಾವಿನ ಪರಿಚಯವಿದ್ದೇ ಇರುತ್ತದೆ.

ಇಷ್ಟೆಲ್ಲ ಶ್ರಮದ ಫಲ ಎಂತಹುದೆಂಬುದಕ್ಕೆ ಅಲಾಸ್ಕದ ಮಟನುಸ್ಕ ಕಣಿವೆ ಪ್ರಸಿದ್ಧ ನಿದರ್ಶನ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1935ರಲ್ಲಿ, ಅಮೆರಿಕ ಸರ್ಕಾರವು ಮಿನಸೋಟ, ವಿಸ್ಕಾನ್ಸಿನ್, ಮಿಷಿಗನ್ ಪ್ರಾಂತಗಳ 203 ರೈತ ಕುಟುಂಬಗಳನ್ನು ಅಲ್ಲಿಗೆ ಕರೆದೊಯ್ದು ನೆಲೆಗೊಳಿಸಿತು. ಆ ಕಣಿವೆಯ ಪಾಮರ್ ಪಟ್ಟಣದಲ್ಲಿ ಪ್ರತಿ ಬೇಸಿಗೆಯ ಕೊನೆಗೆ ನಡೆಯುವ ಜಾತ್ರೆಯಲ್ಲಿ ಭಾರಿ ತರಕಾರಿಗಳ ಸ್ಪರ್ಧೆ ಏರ್ಪಡುತ್ತದೆ. 2012ರಲ್ಲಿ ಸ್ಕಾಟ್ ರಾಬ್ ಎಂಬ ಬೆಳೆಗಾರ ಅಲ್ಲಿಗೆ ತಂದ ಎಲೆಕೋಸು 138 ಪೌಂಡಿಗೂ ಮಿಗಿಲಾಗಿ, ಅಂದರೆ 62 ಕಿಲೋಗ್ರಾಂಗಳನ್ನು ಮೀರಿ ತೂಗಿ ವಿಶ್ವ ದಾಖಲೆಯಾಯಿತು. ತಳಿಯ ಆಯ್ಕೆ, ಬೆಳೆಗಾರನ ಆರೈಕೆಗಳ ಜೊತೆಗೆ ಇರುಳಿಲ್ಲದ ಬೆಳಕೂ ತಂಪು ಹವೆಯೂ ಕೂಡಿದರೆ ಎಲೆಕೋಸಿಗೆ ಏನಾಗಬಲ್ಲದೆಂಬುದನ್ನು ಆ ತೂಕವೇ ಹೇಳುತ್ತದೆ.

ಸಸ್ಯವು ಹೊತ್ತನ್ನು ಅಳೆಯುವ ಬಗೆ

ಬೆಳಕು ಹೆಚ್ಚಾದಷ್ಟೂ ಎಲ್ಲ ಬೆಳೆಗೂ ಒಳಿತೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಬೆಳಕು ಸಸ್ಯಕ್ಕೆ ಆಹಾರದ ಮೂಲವಾಗಿರುವಂತೆಯೇ ಕಾಲಸೂಚಕವೂ ಆಗಿದೆ. ಈ ಎರಡನೆಯ ಪಾತ್ರವನ್ನು ಖಚಿತವಾಗಿ ಗುರುತಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು. ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ಹೊಗೆಸೊಪ್ಪಿನ ತಳಿಯು ಬೇಸಿಗೆಯ ಹೊಲದಲ್ಲಿ ಹತ್ತಡಿಗೂ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಅದೇ ತಳಿ ಚಳಿಗಾಲದ ಗಾಜಿನ ಮನೆಯಲ್ಲಿ ಗಿಡ್ಡವಾಗಿದ್ದಾಗಲೇ ಹೂ ಬಿಡುತ್ತಿತ್ತು. ಉಷ್ಣತೆ, ಗೊಬ್ಬರ, ತೇವ ಇವುಗಳಲ್ಲಿ ಯಾವುದೂ ಇದಕ್ಕೆ ಕಾರಣವೆಂದು ಸಿದ್ಧವಾಗಲಿಲ್ಲ. ಕೊನೆಗೆ ಬೇಸಿಗೆಯ ಹಗಲಿನಲ್ಲಿ ಕುಂಡಗಳನ್ನು ಸೂರ್ಯಾಸ್ತಕ್ಕೆ ಮುಂಚೆಯೇ ಕತ್ತಲ ಕೋಣೆಗೆ ಸಾಗಿಸಿ ಹಗಲನ್ನು ಕೃತಕವಾಗಿ ಮೊಟಕುಗೊಳಿಸಿದಾಗ ಗಿಡಗಳು ಹೂ ತಳೆದವು. 1920ರಲ್ಲಿ ಪ್ರಕಟವಾದ ಈ ಶೋಧವು ಸಸ್ಯಶಾಸ್ತ್ರದಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತು.

ಹಗಲು ನಿರ್ದಿಷ್ಟ ಮಿತಿಗಿಂತ ಕಿರಿದಾದಾಗ ಹೂ ಬಿಡುವವು ಹ್ರಸ್ವದಿನ ಸಸ್ಯಗಳು. ಮಿತಿಗಿಂತ ಹಿರಿದಾದಾಗ ಹೂ ಬಿಡುವವು ದೀರ್ಘದಿನ ಸಸ್ಯಗಳು. ಹಗಲಿನ ಉದ್ದವನ್ನು ಲೆಕ್ಕಿಸದವು ದಿನತಟಸ್ಥ ಸಸ್ಯಗಳು. ಸಸ್ಯವು ವಾಸ್ತವವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ನಡೆಸಿದ ಪ್ರಯೋಗಗಳಿಂದ ತಿಳಿಯಿತು. ದೀರ್ಘ ರಾತ್ರಿಯ ನಡುವೆ ಕೆಲವು ನಿಮಿಷ ದೀಪ ಬೆಳಗಿಸಿದರೂ ಸಾಕು, ಕೆಲವು ಹ್ರಸ್ವದಿನ ಸಸ್ಯಗಳ ಲೆಕ್ಕ ತಪ್ಪಿ ಹೂ ನಿಂತುಹೋಗುತ್ತದೆ. ಈ ಅಳತೆಗೆ ಆಧಾರವಾದ, ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯವನ್ನು 1959ರಲ್ಲಿ ಪತ್ತೆ ಮಾಡಲಾಯಿತು. ಕೆಂಪು ಬೆಳಕು ತಾಗಿದಾಗ ಅದು ಒಂದು ರೂಪಕ್ಕೂ, ಕತ್ತಲೆಯಲ್ಲಿ ನಿಧಾನವಾಗಿ ಇನ್ನೊಂದು ರೂಪಕ್ಕೂ ತಿರುಗುತ್ತದೆ. ಈ ಮಾರ್ಪಾಡನ್ನೂ ತನ್ನೊಳಗಿನ ದೈನಿಕ ಲಯವನ್ನೂ ಹೊಂದಿಸಿಕೊಂಡು ಸಸ್ಯವು ಋತುವನ್ನು ತಿಳಿಯುತ್ತದೆ.

ಅವರೆ ಅಲ್ಲಿ ಕಾಯಿ ಕಟ್ಟದಿರಲು ಕಾರಣ

ನಮ್ಮ ಸಾಂಪ್ರದಾಯಿಕ ಹೊಲದ ಅವರೆ ಹ್ರಸ್ವದಿನ ಸಸ್ಯ. ರಾಗಿಯ ಜೊತೆಗೆ ಅಕ್ಕಡಿ ಸಾಲಿನಲ್ಲಿ ಮುಂಗಾರಿಗೆ ಬಿತ್ತಿದ ಅವರೆಯು ಹಗಲು ಕುಗ್ಗುವವರೆಗೆ ಬಳ್ಳಿ ಹರಡುತ್ತ ಕಾಯುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೂವಾಗಿ, ಡಿಸೆಂಬರ್, ಜನವರಿಯ ಇಬ್ಬನಿಯಲ್ಲಿ ಸೊಗಡಿನ ಕಾಯಿ ಕೊಡುತ್ತದೆ. ಬಿತ್ತನೆ ಕೆಲವು ವಾರ ಹಿಂದುಮುಂದಾದರೂ ಹೂವಿನ ಕಾಲ ಅಷ್ಟಾಗಿ ಬದಲಾಗದೆ ಇರುವುದನ್ನು ರೈತರು ವಿಜ್ಞಾನಿಗಳಿಗಿಂತ ಬಹು ಮೊದಲೇ ಕಂಡವರು. ಮೈಸೂರಿನ ಹಗಲಿನಲ್ಲಿ ಆಗುವ ಏರಿಳಿತ ಒಂದೂವರೆ ಗಂಟೆಯಷ್ಟೇ ಆದರೂ ಅವರೆಗೆ ಅಷ್ಟು ಸುಳಿವೇ ಸಾಕು.

ಆ ಬೀಜವನ್ನೇ ಸ್ಟಾಕ್‌ಹೋಮಿನಲ್ಲಿ ಜೂನ್ ತಿಂಗಳಲ್ಲಿ ಬಿತ್ತಿದರೆ ಏನಾಗುತ್ತದೆ? ಹದಿನೆಂಟೂವರೆ ಗಂಟೆಯ ಹಗಲು ಅದಕ್ಕೆ ಹೂವಿನ ಕರೆ ಕೊಡದು. ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಎಲೆ ದಟ್ಟವಾಗುತ್ತದೆ. ಅಲ್ಲಿಯ ಹಗಲು ಹನ್ನೆರಡು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಅವರೆಯು ಹೂವಿಗೆ ಸಿದ್ಧವಾಗುವ ಹೊತ್ತಿಗೆ ಚಳಿ ಬಾಗಿಲಿಗೆ ಬಂದಿರುತ್ತದೆ. ಗೊಬ್ಬರ ಸಾಲದೆಂದೋ ನೀರು ತಪ್ಪಿತೆಂದೋ ಬೆಳೆದವರು ಮರುಗುವುದು ಅನಗತ್ಯ. ಆರೈಕೆಯಲ್ಲಿ ಲೋಪವಿಲ್ಲ, ಬೀಜದೊಳಗಿನ ಪಂಚಾಂಗ ಬೇರೆ ನಾಡಿನದು.

ಇದಕ್ಕೆ ಪರಿಹಾರವೂ ಕನ್ನಡ ನಾಡಿನಲ್ಲಿಯೇ ಸಿದ್ಧವಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ‘ಹೆಬ್ಬಾಳ ಅವರೆ-3’, ‘ಹೆಬ್ಬಾಳ ಅವರೆ-4’ ತಳಿಗಳೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಜಯ್’, ‘ಅರ್ಕಾ ವಿಜಯ್’ ತಳಿಗಳೂ ಹಗಲಿನ ಉದ್ದವನ್ನು ಅವಲಂಬಿಸದ ಗಿಡ್ಡ ಜಾತಿಗಳು. ವರ್ಷವಿಡೀ ಅವರೆಕಾಯಿ ದೊರೆಯುವಂತಾದುದಕ್ಕೆ ಇಂತಹ ತಳಿಗಳೇ ಕಾರಣ. ಉತ್ತರ ದೇಶದಲ್ಲಿ ಅವರೆ ಬೆಳೆಯಬಯಸುವವರು ಆರಿಸಬೇಕಾದುದು ಇಂತಹವನ್ನು. ಸಸಿಯನ್ನು ಒಳಗೆ ಬೆಳೆಸಿ, ಗಾಜಿನ ಮನೆಯ ಕಾವಿನಲ್ಲಿ ನೆಟ್ಟರೆ ಫಲದ ಆಸೆಗೆ ಆಧಾರವಿದೆ. ಆದರೆ ಹಳೆಯ ಹೊಲದವರೆಯ ಸೊಗಡು ಇವುಗಳಲ್ಲಿ ಇಲ್ಲವೆಂದು ಬಲ್ಲವರು ಹೇಳುವುದುಂಟು. ಆ ಸೊಗಡಿನ ತಳಿಗಳು ಉಳಿಯಬೇಕಾದರೆ ಅವುಗಳ ತವರಿನ ಹೊಲಗಳಲ್ಲಿಯೇ, ಅವುಗಳ ಕಾಲದಲ್ಲಿಯೇ ಬಿತ್ತುವವರು ಇರಬೇಕು. ದೂರ ದೇಶದ ತೋಟ ಅವಕ್ಕೆ ಆಶ್ರಯ ಕೊಡಲಾರದು.

ಬೇರೆ ಬೆಳೆಗಳ ನಡತೆಯೂ ಇದೇ ಸೂತ್ರದಿಂದ ತಿಳಿಯುತ್ತದೆ. ನಮ್ಮ ಈರುಳ್ಳಿ ತಳಿಗಳು ಹನ್ನೆರಡು ಗಂಟೆಯ ಆಸುಪಾಸಿನ ಹಗಲಿಗೇ ಗೆಡ್ಡೆ ಕಟ್ಟುವಂತಹವು. ಅವನ್ನು ಉತ್ತರದಲ್ಲಿ ಬಿತ್ತಿದರೆ ಗಿಡ ಎಳೆಯದಾಗಿರುವಾಗಲೇ ಗೆಡ್ಡೆಯ ಸೂಚನೆ ದೊರೆತು ಗೋಲಿಯಷ್ಟು ಗೆಡ್ಡೆಯಾಗಿ ನಿಲ್ಲುತ್ತದೆ. ಅಲ್ಲಿಯ ತಳಿಗಳಿಗೆ ಹದಿನಾಲ್ಕರಿಂದ ಹದಿನಾರು ಗಂಟೆಯ ಹಗಲು ಬೇಕು. ಅವನ್ನು ಇಲ್ಲಿ ಬಿತ್ತಿದರೆ ಎಲೆಯೇ ಹೊರತು ಗೆಡ್ಡೆಯಿಲ್ಲ. ಕೊತ್ತಂಬರಿ, ಮೂಲಂಗಿ, ಸಾಸಿವೆಗಳು ಉದ್ದ ಹಗಲಿಗೆ ಬೇಗನೆ ತೆನೆಯೆತ್ತಿ ಹೂವಾಗುತ್ತವೆ. ಆದ್ದರಿಂದ ಅಲ್ಲಿ ಕೊತ್ತಂಬರಿಯನ್ನು ಒಮ್ಮೆಲೇ ಬಿತ್ತದೆ ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿ ಎಳೆಯದಿರುವಾಗಲೇ ಕೀಳುವುದು ಲೇಸು. ಹಲವು ಜಾತಿಯ ಹರಿವೆಗಳ ಹೂ ಉದ್ದ ಹಗಲಿನಲ್ಲಿ ತಡವಾಗುತ್ತದೆ. ಸೊಪ್ಪಿಗಾಗಿ ಬೆಳೆಯುವವರಿಗೆ ಇದು ಲಾಭವೇ. ಮಣ್ಣು ಬೆಚ್ಚಗಿದ್ದರೆ ಸಾಕು.

ಬೀಜ ಒಯ್ಯುವವರು ಗಮನಿಸಬೇಕಾದ ಮತ್ತೊಂದು ಅಂಶವಿದೆ. ರೋಗ ಕೀಟಗಳು ದೇಶದಿಂದ ದೇಶಕ್ಕೆ ಹರಡದಂತೆ ಎಲ್ಲೆಡೆಯೂ ನಿರ್ಬಂಧಗಳಿವೆ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬೀಜ ತರಬೇಕಾದರೆ 2019ರ ಡಿಸೆಂಬರ್‌ನಿಂದ ಸಸ್ಯಾರೋಗ್ಯ ಪ್ರಮಾಣಪತ್ರ ಅವಶ್ಯಕ. ಪೆಟ್ಟಿಗೆಯ ಮೂಲೆಯಲ್ಲಿಟ್ಟ ಚಿಕ್ಕ ಪೊಟ್ಟಣಕ್ಕೂ ಈ ನಿಯಮ ಅನ್ವಯಿಸುತ್ತದೆ.

ಹೂಗಳ ಸರದಿ

ಹೂದೋಟದಲ್ಲಿಯೂ ಇದೇ ನ್ಯಾಯ. ಉತ್ತರ ದೇಶಗಳಲ್ಲಿ ಹಿಮ ಕರಗಿದ ಮೇಲೆ ಟ್ಯೂಲಿಪ್, ಅನಂತರ ಪಿಯೋನಿ, ಲ್ಯೂಪಿನ್, ಡೆಲ್ಫಿನಿಯಂ, ಗಸಗಸೆ ಜಾತಿಯ ಹೂಗಳು ಒಂದರ ಬೆನ್ನಿಗೊಂದು ಅರಳುತ್ತವೆ. ಇವುಗಳಲ್ಲಿ ಅನೇಕವು ಚಳಿಗಾಲವನ್ನು ನೆಲದೊಳಗೆ ಕಳೆದು ಬರುವಂತಹವು. ಮೆಕ್ಸಿಕೊ ಮೂಲದ ಡೇಲಿಯಾ ಬೇಸಿಗೆಯ ಉತ್ತರಾರ್ಧದಲ್ಲಿ ಅರಳಿ, ಮೊದಲ ಚಳಿಗೆ ಕರಿಕಾಗುತ್ತದೆ. ಆಗ ಗೆಡ್ಡೆಗಳನ್ನು ಅಗೆದು ತೆಗೆದು ಮಂಜುಗಟ್ಟದ ನೆಲಮಾಳಿಗೆಯಲ್ಲಿ ಇರಿಸಿ ಮುಂದಿನ ವರ್ಷಕ್ಕೆ ಕಾಪಾಡುತ್ತಾರೆ. ನಮ್ಮ ಮಲ್ಲಿಗೆಗೆ ಅಲ್ಲಿ ನೆಲದಲ್ಲಿ ಬಾಳುವ ಶಕ್ತಿಯಿಲ್ಲ. ಕುಂಡದಲ್ಲಿ ಬೆಳೆದು ಚಳಿಗಾಲಕ್ಕೆ ಮನೆಯೊಳಗೆ ಇಟ್ಟುಕೊಳ್ಳಬೇಕು.

ಸೇವಂತಿಗೆ ಹ್ರಸ್ವದಿನ ಸಸ್ಯ. ಬೆಂಗಳೂರಿನ ಸುತ್ತಣ ಜಿಲ್ಲೆಗಳಲ್ಲಿ ರಾತ್ರಿ ಪ್ರಯಾಣ ಮಾಡುವವರಿಗೆ ಸೇವಂತಿಗೆಯ ತಾಕಿನ ಮೇಲೆ ಸಾಲು ಸಾಲಾಗಿ ಉರಿಯುವ ವಿದ್ಯುದ್ದೀಪಗಳು ಕಾಣುವುದುಂಟು. ಅವು ಕಾವಲಿಗೂ ಅಲ್ಲ, ಅಲಂಕಾರಕ್ಕೂ ಅಲ್ಲ. ಗಿಡ ಸಾಕಷ್ಟು ಬೆಳೆಯುವ ಮುನ್ನವೇ ಹೂ ಬಿಡದಂತೆ ಇರುಳನ್ನು ಮೊಟಕುಗೊಳಿಸುವ ಉಪಾಯ ಅದು. ದೀಪ ಆರಿಸಿದ ಮೇಲೆ ಗಿಡಗಳು ಮೊಗ್ಗು ಹಿಡಿಯುತ್ತವೆ. ಉತ್ತರದ ಬೇಸಿಗೆಯು ಆಕಾಶದಿಂದಲೇ ಮಾಡುವ ಕೆಲಸವನ್ನು ಇಲ್ಲಿಯ ರೈತನು ತಂತಿ, ಬುರುಡೆಗಳಿಂದ ಮಾಡಿಕೊಳ್ಳುತ್ತಾನೆ.

ಅಲ್ಲಿಂದ ಇಲ್ಲಿಗೆ

ಸಸ್ಯಗಳ ಪಯಣ ಒಂದೇ ದಿಕ್ಕಿನದಲ್ಲ. ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್, 1874ರಲ್ಲಿ ಅದರ ಮೇಲ್ವಿಚಾರಣೆ ವಹಿಸಿದ ಜಾನ್ ಕ್ಯಾಮೆರಾನ್ ಹಾಗೂ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಇವರ ಕಾಲದಲ್ಲಿ ಹೊರನಾಡಿನ ಎಷ್ಟೋ ಗಿಡಗಳಿಗೆ ಪರೀಕ್ಷಾಸ್ಥಾನವಾಯಿತು. ಉತ್ತರದವರು ಕಾವಿಗಾಗಿ ಕಟ್ಟುವ ಗಾಜಿನ ಮನೆಯನ್ನು, ಲಾಲ್‌ಬಾಗಿನಲ್ಲಿ 1889ರಲ್ಲಿ ಶಂಕುಸ್ಥಾಪನೆಗೊಂಡ ಕಟ್ಟಡದ ರೂಪದಲ್ಲಿ, ಜನರು ಫಲಪುಷ್ಪ ಪ್ರದರ್ಶನದ ಮಂಟಪವಾಗಿ ಬಲ್ಲರು.

ಎಲೆಕೋಸು, ಹೂಕೋಸು, ನವಿಲುಕೋಸು, ಬೀಟ್‌ರೂಟುಗಳು ನಮ್ಮಲ್ಲಿ ಚೆನ್ನಾಗಿ ಒಗ್ಗಿದ್ದು ತಂಪಿನ ಕಾಲದಲ್ಲಿ. ಉತ್ತರದ ಬೇಸಿಗೆಯ ತಂಪು ನಮ್ಮ ಚಳಿಗಾಲದ ತಂಪಿಗೆ ಸಮೀಪ. ಆದರೂ ಒಂದು ಕೊರತೆ ಉಳಿಯಿತು. ಎಲೆಕೋಸು ಬೀಜ ಕಟ್ಟಲು ವಾರಗಟ್ಟಲೆ ನಿಜವಾದ ಚಳಿಯನ್ನು ಅನುಭವಿಸಬೇಕು; ಮೈಸೂರಿನ ಬಯಲಿನಲ್ಲಿ ಅದು ದೊರೆಯದು. ಆದ್ದರಿಂದ ಅದರ ಬೀಜ ಹಿಮಾಲಯದ ಕುಲ್ಲು ಕಣಿವೆಯಂತಹ ಸ್ಥಳಗಳಿಂದಲೋ ವಿದೇಶಗಳಿಂದಲೋ ಬರಬೇಕಾಗುತ್ತದೆ. ಅವರೆಯು ಸ್ಟಾಕ್‌ಹೋಮಿನಲ್ಲಿ ಬಳ್ಳಿಯಾಗಿ ಹಬ್ಬಿಯೂ ಬೀಜ ಕೊಡದು. ಎಲೆಕೋಸು ಮೈಸೂರಿನಲ್ಲಿ ಗಡ್ಡೆಯಾಗಿ ಕೂತೂ ಬೀಜ ಕೊಡದು. ಒಂದಕ್ಕೆ ಅಲ್ಲಿ ಇರುಳು ಸಾಲದು, ಮತ್ತೊಂದಕ್ಕೆ ಇಲ್ಲಿ ಚಳಿ ಸಾಲದು.

ಶಾಲೆಯ ಕೈತೋಟದಲ್ಲಿ ಒಂದು ಪ್ರಯೋಗ

ಈ ವಿಷಯವನ್ನು ಪುಸ್ತಕದಿಂದ ಬೋಧಿಸುವುದಕ್ಕಿಂತ ಕಣ್ಣಿಗೆ ತೋರಿಸುವುದು ಸುಲಭ. ಜುಲೈ ತಿಂಗಳಲ್ಲಿ ಹಳೆಯ ಹೊಲದವರೆಯ ಬೀಜವನ್ನು ಒಂದೇ ಬಗೆಯ ಮಣ್ಣು, ಗೊಬ್ಬರಗಳಿರುವ ಆರು ಕುಂಡಗಳಲ್ಲಿ ಬಿತ್ತಬೇಕು. ಮೂರು ಕುಂಡಗಳನ್ನು ದೀಪದ ಬೆಳಕು ತಾಗದ ಕಡೆ ಇರಿಸಬೇಕು. ಉಳಿದ ಮೂರಕ್ಕೆ ಸೂರ್ಯಾಸ್ತದಿಂದ ರಾತ್ರಿ ಹತ್ತು ಗಂಟೆಯವರೆಗೆ ಪ್ರತಿದಿನವೂ ತಪ್ಪದೆ ಒಂದು ವಿದ್ಯುದ್ದೀಪದ ಬೆಳಕು ಬೀಳುವಂತೆ ಏರ್ಪಡಿಸಬೇಕು. ಪ್ರಸಾದನಿಲಯದ ವಿದ್ಯಾರ್ಥಿಗಳು ಸರದಿಯಂತೆ ಈ ಹೊಣೆಯನ್ನು ಹೊರಬಲ್ಲರು. ಪ್ರತಿ ವಾರ ಬಳ್ಳಿಯ ಉದ್ದ, ಎಲೆಗಳ ಸಂಖ್ಯೆ, ಮೊದಲ ಮೊಗ್ಗಿನ ದಿನಾಂಕಗಳನ್ನು ಬರೆದಿಡಬೇಕು. ಜೊತೆಗೆ ‘ಹೆಬ್ಬಾಳ ಅವರೆ’ಯ ಎರಡು ಕುಂಡಗಳನ್ನು ಬೆಳಕಿಗೊಂದು, ಕತ್ತಲೆಗೊಂದರಂತೆ ಇರಿಸಿದರೆ ಹೋಲಿಕೆ ಪೂರ್ಣವಾಗುತ್ತದೆ. ನವೆಂಬರ್ ಹೊತ್ತಿಗೆ ಕತ್ತಲೆಯ ಕುಂಡಗಳಲ್ಲಿ ಹೂಗೊಂಚಲು, ಬೆಳಕಿನ ಕುಂಡಗಳಲ್ಲಿ ಬರಿಯ ಹಸಿರು ಕಾಣುವ ನಿರೀಕ್ಷೆ. ಹೆಬ್ಬಾಳದ ಗಿಡಗಳೆರಡರಲ್ಲಿಯೂ ಕಾಯಿ.

ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಉತ್ತರ ದೇಶಗಳಲ್ಲಿ ನೆಲೆಸಿರುವ ಹಿರಿಯ ವಿದ್ಯಾರ್ಥಿಗಳು ತಮ್ಮ ತೋಟದ ಬಿತ್ತನೆ, ಹೂ, ಫಲಗಳ ದಿನಾಂಕಗಳನ್ನು ಗುರುತಿಸಿ ಶಾಲೆಗೆ ಕಳುಹಿಸುತ್ತ ಬಂದರೆ, ಕುಂಡದಲ್ಲಿ ಕಂಡ ಫಲಿತಾಂಶವನ್ನು ಭೂಗೋಲದ ಅಳತೆಯಲ್ಲಿ ಪರಿಶೀಲಿಸುವ ಅವಕಾಶ ಮಕ್ಕಳಿಗೆ ಒದಗುತ್ತದೆ. ಅದೇ ಪ್ರಯೋಗಕ್ಕಾಗಿ ಹಳೆಯ ಅವರೆಯ ಬೀಜವನ್ನು ಸುತ್ತಲ ಹಳ್ಳಿಗಳ ಮನೆಗಳಿಂದ ಕೇಳಿ ತಂದು, ಬೆಳೆದು, ಮುಂದಿನ ವರ್ಷಕ್ಕೆ ಕಾಯ್ದಿರಿಸಿದರೆ ಆ ತಳಿಯೊಂದು ಉಳಿದಂತೆಯೂ ಆಗುತ್ತದೆ. ತವರಿನಲ್ಲಿ ಬಿತ್ತುವವರಿಲ್ಲದೆ ಹೋದ ಬೀಜವನ್ನು ಹಿಂದಕ್ಕೆ ಕೊಡಬಲ್ಲ ತೋಟ ಬೇರೆಲ್ಲಿಯೂ ಇಲ್ಲವಾದ್ದರಿಂದ, ಶಾಲೆಯ ನಾಲ್ಕು ಮಡಿ ನೆಲವಾದರೂ ಅದಕ್ಕೆ ಮೀಸಲಾಗಲಿ.